ಅವ್ವ ಹೋದ ವಾರ ಇಳಿದ ತೂಕ

ಕಲಬುರಗಿಯಲ್ಲಿ ನಡೆಯುವ ಜಿಯು-ಜಿಟ್ಸು ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಎದುರಾಳಿಯನ್ನು ನೆಲಕ್ಕೆ ಕೆಡವಿ, ಕೈಯನ್ನೋ ಕುತ್ತಿಗೆಯನ್ನೋ ಹಿಡಿದು ಸೋಲೊಪ್ಪಿಸುವ ಕುಸ್ತಿ ಅದು. ನನ್ನ ಗುಂಪಿಗೆ ಬೇಕಾದ ತೂಕಕ್ಕೆ ಇಳಿಯಲು ರೊಟ್ಟಿ ಬಿಟ್ಟೆ, ಬೆಳಿಗ್ಗೆ ನಮ್ಮೂರು ಜೇವರ್ಗಿಯ ರಸ್ತೆಯಲ್ಲಿ ಓಡಿದೆ. ಎಷ್ಟು ಹೆಣಗಿದರೂ ಇಳಿಯಲಿಲ್ಲ.

"ಹಿಂಗ ಉಪಾಸ ಬಿದ್ದು ಏನ್ ಗೆಲ್ತಿ ಬೇ?" ಎಂದು ಅವ್ವ ಬೈಯುತ್ತಿದ್ದಳು.

ಸ್ಪರ್ಧೆಗೆ ವಾರವಿದ್ದಾಗ, ಎದೆನೋವೆಂದು ಕುಳಿತ ಅವ್ವ ಮತ್ತೆ ಏಳಲಿಲ್ಲ. ಹೊಲದಲ್ಲಿ ಮಣ್ಣು ಮಾಡಿ ಬಂದ ಮೇಲೆ ನನಗೆ ತುತ್ತು ಗಂಟಲಿಗಿಳಿಯಲಿಲ್ಲ. ಒಂದು ದಿನ ತೂಕದ ಯಂತ್ರ ಹತ್ತಿದರೆ, ಬೇಕಾದಷ್ಟು ಇಳಿದಿತ್ತು. ನನ್ನ ಮೈ ನನಗೇ ಅಸಹ್ಯವಾಯಿತು.

"ಹೋಗಿ ಬಾರವ್ವ, ಮನ್ಯಾಗ ಕುಂತು ಏನ್ ಮಾಡ್ತಿ?" ಎಂದರು ಅಪ್ಪ.

ಹೋದೆ. ಎದುರಾಳಿ ನನ್ನನ್ನು ಕೆಡವಿ ಎದೆಯ ಮೇಲೆ ಕುಳಿತಳು. ಅಂಥ ಭಾರದ ಕೆಳಗೆ ಗಾಬರಿಯಾಗದೆ ಉಸಿರಾಡುವುದನ್ನು ತಿಂಗಳುಗಟ್ಟಲೆ ಕಲಿತಿದ್ದೆ. ಆದರೆ ಎದೆ ಹಿಡಿದುಕೊಂಡು ಕುಳಿತ ಅವ್ವನೇ ಕಣ್ಣೆದುರು ಬಂದಳು. ಎದುರಾಳಿ ಇನ್ನೂ ಪಟ್ಟು ಹಾಕುವ ಮೊದಲೇ ನೆಲ ತಟ್ಟಿ ಸೋಲೊಪ್ಪಿದೆ.

"ಪೆಟ್ಟಾತೇನ್ರಿ?" ಎಂದು ಕೇಳಿದಳು ಆಕೆ.

"ಇಲ್ರಿ," ಎಂದೆ.

ಸಂಜೆ ಬಸ್ ನಿಲ್ದಾಣದಲ್ಲಿ ಅಪ್ಪ ಕಾಯುತ್ತಿದ್ದರು. ಏನಾಯಿತೆಂದು ಕೇಳದೆ ನನ್ನ ಚೀಲ ಹೆಗಲಿಗೇರಿಸಿಕೊಂಡರು.