ಹೂವಮ್ಮನಿಗೆ ಬಂದುಹೋದ ಜ್ವರ

ಹೊಸನಗರದ ಕಡೆಯ ನಮ್ಮೂರಿನಲ್ಲಿ ಮಂಗನ ಕಾಯಿಲೆ ಬಂದು ಬದುಕಿದವರಿಗೆ ವಿಶೇಷ ಬೆಲೆಯಿತ್ತು. ಬೇಸಿಗೆಯಲ್ಲಿ ಕಾಡಿನ ಮಂಗಗಳು ಸತ್ತು ಬಿದ್ದವೆಂದರೆ ಉಳಿದವರು ಅತ್ತ ಕಾಲಿಡುತ್ತಿರಲಿಲ್ಲ. ಕೊಟ್ಟಿಗೆಗೆ ಹಾಸಲು ಒಣಗಿದೆಲೆ, ಅಂದರೆ ದರಗು, ತರಲು ಇವರನ್ನೇ ಕರೆಯುತ್ತಿದ್ದರು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂಬುದು ಎಲ್ಲರೂ ಕಣ್ಣಾರೆ ಕಂಡ ಸಂಗತಿ.

ನನ್ನ ಚಿಕ್ಕಮ್ಮ ಹೂವಮ್ಮ ಅಂಥವಳು. ಎಪ್ಪತ್ತೈದರ ಬೇಸಿಗೆಯಲ್ಲಿ ವಸಡಿನಿಂದ ರಕ್ತ ಸೋರಿ, ಇನ್ನು ಉಳಿಯುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದವಳು ಎದ್ದು ಕೂತಿದ್ದಳು. ಅದೇ ವರ್ಷದ ಮಳೆಗಾಲದಲ್ಲಿ ಚಿಕ್ಕಪ್ಪ ಬೆಳ್ಳಪ್ಪನೂ ಜ್ವರದಿಂದ ಮಲಗಿದ. ವಾಸಿಯಾದದ್ದೇ ತಡ, ತನ್ನದೂ ಮಂಗನ ಕಾಯಿಲೆಯೇ ಎಂದು ಚಾದಂಗಡಿಯಲ್ಲಿ ಕೊಚ್ಚಿಕೊಳ್ಳತೊಡಗಿದ. ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿತ್ತು.

ಎಂಬತ್ತಮೂರರಲ್ಲಿ ಮತ್ತೆ ಮಂಗಗಳು ಸತ್ತವು. ಜಮೀನಿನ ಒಡೆಯ ಗಿರಿಯಪ್ಪಗೌಡರು ಬಾಗಿಲಿಗೆ ಬಂದು, "ನಿಮ್ಗಿಬ್ರಿಗೂ ಬಂದ್ ಹೋಗಿದ್ಯಲ್ಲ, ನಾಳೆಯಿಂದ ದರಗಿಗೆ ಬನ್ನಿ" ಎಂದರು. ಚಿಕ್ಕಪ್ಪ ದರಗು ತುಂಬುವ ದೊಡ್ಡ ಬುಟ್ಟಿ, ಹೆಡಿಗೆಯನ್ನು, ಕೈಗೆತ್ತಿಕೊಂಡೇಬಿಟ್ಟ.

"ಗೌಡ್ರೇ, ನಾನೊಬ್ಳೇ ಬರ್ತೀನಿ," ಎಂದಳು ಚಿಕ್ಕಮ್ಮ. "ನಂಗೆ ಬಂದಿದ್ದು ಮಂಗ ಸಾಯೋ ಕಾಲದಲ್ಲಿ. ಇವ್ರಿಗೆ ಬಂದಿದ್ದು ಗದ್ದೆ ನೆಟ್ಟಿ ಟೈಮಲ್ಲಿ. ಅದು ಬೇರೆ ಜ್ವರ."

"ನನ್ ಜ್ವರ ಯಾವ್ದಂತ ನಂಗೊತ್ತಿಲ್ವಾ?" ಎಂದ ಚಿಕ್ಕಪ್ಪ.

"ಗೊತ್ತಿಲ್ಲ. ಕಾಡಿಗೆ ಹೋದ್ರೆ ಸಾಯ್ತೀರಿ."

ಗೌಡರೆದುರು ಮರ್ಯಾದೆ ಹೋಯಿತೆಂದು ಅವನು ಅವಳೊಡನೆ ಮಾತು ಬಿಟ್ಟ. ಈಗ ನಾನು ಓದಿ ತಿಳಿದಿದ್ದೇನೆ: ರೋಗವನ್ನು ಒಮ್ಮೆ ಎದುರಿಸಿದ ರಕ್ತದ ಕೆಲವು ಜೀವಕೋಶಗಳಲ್ಲಿ ವಂಶವಾಹಿಯ ಬರಹ ಹಾಗೇ ಉಳಿದರೂ, ಮುಂದಿನ ಸಲ ಆ ಬರಹದ ಯಾವ ಭಾಗ ಬೇಗ ತೆರೆಯಬೇಕೆಂಬ ಗುರುತು ಬೀಳುತ್ತದಂತೆ. ಆ ನೆನಪು, ಒಮ್ಮೆ ಬಂದುಹೋದ ರೋಗಕ್ಕಷ್ಟೇ. ಬೇರೆ ಜ್ವರದ ನೆನಪು ಇದಕ್ಕೆ ಕೆಲಸಕ್ಕೆ ಬಾರದು. ಚಿಕ್ಕಪ್ಪನಿಗೆ ಇದನ್ನು ಹೇಳಿದ್ದರೂ ಆಗ ಕೇಳುತ್ತಿರಲಿಲ್ಲ ಬಿಡಿ.

ಚಿಕ್ಕಮ್ಮ ಯೋಚಿಸದೇ ಹೋದದ್ದು ಒಂದೇ. ಕಾಯಿಲೆ ಹರಡುವ ಉಣುಗು, ರಕ್ತ ಹೀರುವ ಆ ಸಣ್ಣ ಹುಳು, ದರಗಿನ ಜೊತೆ ಊರಿಗೂ ಬರುತ್ತದೆ. ತಾನು ಹೆದರುವವನಲ್ಲ ಎಂದು ತೋರಿಸಲು ಚಿಕ್ಕಪ್ಪ, ಅವಳು ತಂದು ಸುರಿದ ದರಗನ್ನು ಗೌಡರ ಕೊಟ್ಟಿಗೆಯಲ್ಲಿ ಬರಿಗೈಯಲ್ಲಿ ಹರಡುತ್ತಿದ್ದ. ವಾರ ಕಳೆಯುವುದರೊಳಗೆ ಜ್ವರ ಬಂದು ಮಲಗಿದ.

"ನಾನೇ ತಲೆ ಮೇಲೆ ಹೊತ್ಕೊಂಡ್ ತಂದೆ," ಎಂದು ಹಾಸಿಗೆಯ ಪಕ್ಕದಲ್ಲಿ ಕೂತು ಚಿಕ್ಕಮ್ಮ ಅಳುತ್ತಿದ್ದಳು. ಅವನ ವಸಡಿನಲ್ಲಿ ರಕ್ತ ಕಂಡ ದಿನ ನಾವೆಲ್ಲ ಆಸೆ ಬಿಟ್ಟೆವು. ಅವಳು ಮಾತ್ರ ಚಮಚದಲ್ಲಿ ಗಂಜಿ ತಿಳಿ ಕುಡಿಸುತ್ತಲೇ ಇದ್ದಳು.

ಚಿಕ್ಕಪ್ಪ ಬದುಕಿದ. ಆದರೆ ನಿಜವಾದ ಕಾಯಿಲೆ ಬಂದುಹೋದ ಮೇಲೆ ಅವನು ಚಾದಂಗಡಿಯಲ್ಲಿ ಅದರ ಮಾತೆತ್ತಲೇ ಇಲ್ಲ. ಮರು ಬೇಸಿಗೆ ಗೌಡರು ಹೇಳಿ ಕಳಿಸಿದಾಗ ಹೆಡಿಗೆ ಮುಟ್ಟದೆ ಚಿಕ್ಕಮ್ಮನ ಮುಖ ನೋಡಿದ.

"ನಾನೂ ಬರ್ಲೇನೆ?"

ಅವಳು ಅಟ್ಟದಿಂದ ಎರಡು ಹೆಡಿಗೆ ಇಳಿಸಿ, ಒಂದನ್ನು ಅವನ ಕೈಗೆ ಕೊಟ್ಟಳು.