ತಾಯಿಯ ಹೆಸರು ಬರೆಯುವ ಜಾಗ

ನಾನು ಎರಡು ಮದುವೆಯಾದವನು. 'ಮಕ್ಕಳಿರಲಿಲ್ಲ, ಪಾಪ, ಇನ್ನೇನು ಮಾಡ್ತಾನೆ' ಎಂದು ನನ್ನ ಪರ ಮಾತಾಡುವವರು ಕೆ. ಹೊಸಕೋಟೆಯ ಸುತ್ತಮುತ್ತ ಈಗಲೂ ಇದ್ದಾರೆ. ಅವರ ವಕಾಲತ್ತು ನನಗೆ ಬೇಡ. ಮಕ್ಕಳಿಲ್ಲದ ದುಃಖ ನನ್ನ ಹೆಂಡತಿಗೂ ಇತ್ತು. ಅವಳೇನೂ ಇನ್ನೊಬ್ಬ ಗಂಡನನ್ನು ಕರೆತರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವವನು. ಎಸ್ಸೆಸ್ಸೆಲ್ಸಿ ಪಾಸಾದ ಗರ್ವ ಬೇರೆ. ಮೊದಲನೆಯವಳು ಛಾಪಾ ಕಾಗದದಲ್ಲಿ ಒಪ್ಪಿಗೆ ಕೊಟ್ಟರೆ ಎರಡನೆಯ ಮದುವೆಗೆ ತೊಂದರೆಯಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಆ ಕಾಗದವನ್ನು ನಾನೇ ಬರೆದೆ. ಹೆಂಡತಿ ಒಲೆಯ ಮುಂದೆ ಕೂತಲ್ಲೇ, ಓದದೆ, ಸಹಿ ಹಾಕಿದಳು.

ಎರಡನೆಯವಳಿಗೆ ಮಗಳು ಹುಟ್ಟಿದ ಮೇಲೆ ಆಲೂರಿನ ವಕೀಲರೊಬ್ಬರಿಗೆ ಆ ಒಪ್ಪಿಗೆ ಕಾಗದ ತೋರಿಸಿದೆ. ಅವರು ನಕ್ಕುಬಿಟ್ಟರು.

"ರೈಟ್ರೇ, ಇದ್ರಲ್ಲಿ ಬೋಂಡಾ ಕಟ್ಕೊಳ್ಳಿ. ಡೈವೋರ್ಸ್ ಇಲ್ದೆ ಮಾಡ್ಕೊಂಡಿದ್ದು ಕಾನೂನಲ್ಲಿ ಮದ್ವೇನೇ ಅಲ್ಲ. ಮೊದಲ್ನೆಯವ್ರು ಕಂಪ್ಲೇಂಟ್ ಕೊಟ್ರೆ ಜೈಲು."

ಆ ಹೆದರಿಕೆ ನನ್ನಿಂದ ಇನ್ನೊಂದು ತಪ್ಪು ಮಾಡಿಸಿತು. ಮಗಳನ್ನು ಶಾಲೆಗೆ ಸೇರಿಸುವಾಗ ತಾಯಿಯ ಹೆಸರಿನ ಜಾಗದಲ್ಲಿ ಮೊದಲ ಹೆಂಡತಿಯ ಹೆಸರು ಬರೆಸಿದೆ. ಹೆತ್ತವಳು ರೇಷನ್ ಕಾರ್ಡಿನಲ್ಲಿ ನನ್ನ ಹೆಂಡತಿಯ ತಂಗಿಯಾದಳು.

ಮಗಳು ಹತ್ತನೇ ತರಗತಿಗೆ ಬಂದಳು. ಪರೀಕ್ಷೆಯ ಅರ್ಜಿ ತುಂಬುವ ಮೊದಲು ಸರಿಪಡಿಸದಿದ್ದರೆ ಅಂಕಪಟ್ಟಿಯಲ್ಲೂ ಅದೇ ಹೆಸರು ಬರುತ್ತಿತ್ತು. ಹೆತ್ತವಳು ಅಷ್ಟು ವರ್ಷಗಳಲ್ಲಿ ಮೊದಲ ಸಲ ದನಿ ಎತ್ತಿದಳು: "ಹೆಂಡ್ತಿ ಅಂತ ಎಲ್ಲೂ ಬರೆಸ್ಲಿಲ್ಲ, ಹೋಗ್ಲಿ. ತಾಯಿ ಅಂತಾನೂ ಬ್ಯಾಡ್ವಾ? ನಾನೇನು ಇವಳ್ನ ಕಾಫಿ ಗಿಡದ ಬುಡದಲ್ಲಿ ಹೆಕ್ಕಿಕೊಂಡು ಬಂದ್ನಾ?"

ಮುಖ್ಯೋಪಾಧ್ಯಾಯರು ಜನನ ಪತ್ರ, ಅಫಿಡವಿಟ್ ಎರಡೂ ಬೇಕೆಂದರು. ಆಸ್ಪತ್ರೆಯ ಹೆರಿಗೆಯಾದ್ದರಿಂದ ಜನನ ಪತ್ರದಲ್ಲಿ ನಿಜವೇ ಇತ್ತು. ಅಫಿಡವಿಟ್ಟಿಗೆ ಅದೇ ವಕೀಲರ ಬಳಿ ಹೋದೆ.

"ಕಣ್ತಪ್ಪಿನಿಂದ ಆಗೈತೆ ಅಂತ ಬರ್ದು ಮುಗಿಸೋಣ ಮಾರಾಯ್ರೆ," ಎಂದರು.

"ಕಣ್ತಪ್ಪಲ್ಲ ಸ್ವಾಮಿ. ಹೆಂಡ್ತಿ ಇರುವಾಗ್ಲೇ ಇನ್ನೊಬ್ಬಳನ್ನ ಕಟ್ಕೊಂಡೆ, ಜೈಲಿಗೆ ಹೆದರಿ ಸುಳ್ಳು ಬರೆಸ್ದೆ. ಹಂಗೇ ಬರೀರಿ."

"ನಿಮ್ಮ ಕೈಗೆ ನೀವೇ ಕೋಳ ಹಾಕ್ಕೊಳ್ತೀರಲ್ರೀ!"

"ಹಾಕ್ಕೊಳ್ತೀನಿ. ಬರೀರಿ."

ಅವರು ತಲೆ ಚಚ್ಚಿಕೊಂಡು ಟೈಪ್ ಮಾಡಿಸಿದರು. ಹೇಡಿಯಾಗಿ ಬದುಕಿದ್ದು ಸಾಕಾಗಿತ್ತು ನನಗೆ.

ಮನೆಗೆ ಬಂದು ಇಬ್ಬರನ್ನೂ ಕೂರಿಸಿ ಓದಿದೆ. ಹತ್ತು ವರ್ಷ ಶಾಲೆಯ ದಾಖಲೆಯಲ್ಲಿ ತಾಯಿಯಾಗಿದ್ದ ಮೊದಲನೆಯವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೊನೆಯ ಸಾಲಿನವರೆಗೂ ಕೇಳಿದಳು.

"ನನ್ನ ಹೆಸ್ರು ತೆಗ್ಸಿ. ಮಗೀನ ಸಾಕಿವ್ನಿ, ಹೆತ್ತಿಲ್ಲ. ಅದ್ಕೇನೂ ಬೇಜಾರಿಲ್ಲ," ಎಂದು ಕೈ ಚಾಚಿದಳು. "ಇದ್ರದ್ದು ಒಂದು ಜೆರಾಕ್ಸ್ ನಂಗೂ ಬೇಕು."

"ನಿಂಗ್ಯಾಕೆ?"

"ಯಾವತ್ತಾದ್ರೂ ಕಂಪ್ಲೇಂಟ್ ಕೊಡ್ಬೇಕು ಅನ್ನಿಸ್ಬುಟ್ರೆ?"

ಎರಡನೆಯವಳು ತಲೆ ತಗ್ಗಿಸಿದಳು. ಮಾರನೆಯ ದಿನ ನಾನು ಆಲೂರಿನ ಬಸ್ಸು ಹತ್ತಿದೆ. ಎರಡು ಪ್ರತಿ ಮಾಡಿಸಿ ತಂದು ಮೊದಲನೆಯವಳ ಕೈಗೇ ಕೊಟ್ಟೆ, ಒಂದು ಕಳೆದರೂ ಇನ್ನೊಂದಿರಲಿ ಎಂದು.