ಬಸುರಿ ಮನೆಯ ತುಂಬಿದ ಕೊಡ

ಈ ಸಲ ನಮ್ಮ ಮನೆಯಲ್ಲಿ ಎರಡು ಬಾಣಂತನದ ತಯಾರಿ ಒಟ್ಟಿಗೇ ನಡೆಯಿತು. ಒಂದು ಮೊಮ್ಮಗಳು ರೇಖಾಳದು. ಇನ್ನೊಂದು ಸೊಳ್ಳೆಯದು. ಸೊಳ್ಳೆಯದನ್ನು ನಾನೇ ಮುಂದೆ ನಿಂತು ಛಲೋ ಮಾಡಿದೆ. ಒಂದೊಂದು ಬ್ಯಾರಲ್ಲಿಗೆ ಬೊಗಸೆಗಟ್ಟಲೆ ಮರಿ!

ರೇಖಾ ನನ್ನ ಮಗನ ಮಗಳು. ಕುಷ್ಟಗಿಗೆ ಕೊಟ್ಟೀವಿ. ಮೂರು ತಿಂಗಳಾದಾಗ ಉಂಡದ್ದು ಹೊಟ್ಟೆಯಲ್ಲಿ ನಿಲ್ಲದೆ ಇರಕಲ್ಲಗಡಕ್ಕೆ, ನಮ್ಮ ಮನೆಗೆ ಬಂದಳು. ಬಸುರಿಯ ಕಣ್ಣಿಗೆ ಬರಿದಾದ ಕೊಡ ಬೀಳಬಾರದು ಅನ್ನುವುದು ನಮ್ಮ ಮನೆಯ ರೂಢಿ. ರೂಢಿಯಲ್ಲಿ ನಾನು ಪಿಎಚ್‌ಡಿ (ಸಾಲಿ ಕಲಿತದ್ದು ಮೂರನೇ ಇಯತ್ತೆ, ಅದೂ ಅರ್ಧ).

ನಮ್ಮ ಓಣಿಯ ನಳಕ್ಕೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಬಂದ ದಿನ ಹಳೇ ನೀರು ಚೆಲ್ಲುತ್ತಿರಲಿಲ್ಲ, ಅದರ ಮೇಲೆಯೇ ಹೊಸದು ಸುರಿಯುತ್ತಿದ್ದೆ. ಎರಡು ಬ್ಯಾರಲ್, ಒಂದು ಹಂಡೆ, ಆರು ಕೊಡ. ಎಲ್ಲ ತುಂಬಿ ತುಳುಕಬೇಕು. ಶಕುನ ನೋಡ್ರಿ!

ಆಶಾ ಕಾರ್ಯಕರ್ತೆ ಶರಣಮ್ಮ ಬಂದು ಬ್ಯಾರಲ್ಲಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟಳು.

"ಅಮ್ಮಾ, ಹುಳ ಕುಣ್ಯಾಕ ಹತ್ಯಾವ ನೋಡ್ರಿ. ವಾರಕ್ಕೊಮ್ಮೆ ಎಲ್ಲಾ ಖಾಲಿ ಮಾಡಿ, ತಿಕ್ಕಿ, ಬಿಸಲಿಗೆ ಬೋರಲು ಹಾಕ್ರಿ."

"ಬಸುರಿ ಇದ್ದ ಮನ್ಯಾಗ ಕೊಡ ಬೋರಲು ಹಾಕು ಅಂತಿಯಲ್ಲ, ನಿಮ್ಮವ್ವ ಇದನ್ನ ಕಲಿಸ್ಯಾಳೇನು?" ಅಂದೆ.

"ನಮ್ಮವ್ವ ಕಲಿಸಿಲ್ರಿ, ಟ್ರೇನಿಂಗ್‌ನ್ಯಾಗ ಕಲಿಸ್ಯಾರ," ಅಂತ ನಕ್ಕು ಹೋದಳು.

ಹತ್ತು ದಿನಕ್ಕೆ ರೇಖಾಗೆ ಸಣ್ಣ ಜ್ವರ. ಮೈತುಂಬ ದದ್ದು, ಕಣ್ಣು ಕೆಂಪು. ದೃಷ್ಟಿ ಆಗೈತಿ ಅಂತ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದೆವು. ಸೊಳ್ಳೆ ಕೆಮ್ಮಲಿಲ್ಲ.

ಕೊಪ್ಪಳಕ್ಕೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಕೇಳಿದ ಮೊದಲ ಮಾತು, "ಮನ್ಯಾಗ ನೀರು ಹೆಂಗ ಇಡ್ತೀರಿ?"

"ಯಾವಾಗಲೂ ತುಂಬಿಸೇ ಇಡ್ತೀವ್ರಿ," ಅಂದೆ, ಎದೆ ಉಬ್ಬಿಸಿ. ಬಹುಮಾನ ಕೊಡುತ್ತಾರೆ ಅಂದುಕೊಂಡಿದ್ದೆನೋ ಏನೋ!

ರಕ್ತ ತೆಗೆದು ದೂರದ ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬಂತು. ಝೀಕಾ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಈ ಸೊಳ್ಳೆಗೆ ಗಟಾರ ಬೇಡ, ಕುಡಿಯುವಂಥ ತಿಳಿನೀರೇ ಬೇಕು. ಕಚ್ಚುವುದು ಹಗಲು. ನಾನು ರಾತ್ರಿ ಪರದೆ ಕಟ್ಟುತ್ತಿದ್ದೆ. ಹಗಲು ತಂಪು ಅಂತ ಬ್ಯಾರಲ್ ಪಕ್ಕದಲ್ಲೇ ರೇಖಾಗೆ ಮಲಗಲು ಹೊರಸು ಹಾಕಿಕೊಡುತ್ತಿದ್ದೆ. ಎಲೆ ಹಾಕಿ ಬಡಿಸಿದ ಹಾಗೆ.

"ಕೂಸಿಗೆ ಏನಾಗತೈತ್ರಿ?" ರೇಖಾ ಕೇಳಿದಳು.

"ಎಲ್ಲಾರಿಗೂ ಆಗಂಗಿಲ್ಲವ್ವ. ಆದ್ರ ಕೆಲವು ಕೂಸುಗಳ ಮೆದುಳು ಸರಿಯಾಗಿ ಬೆಳಿಯಂಗಿಲ್ಲ, ತಲಿ ಸಣ್ಣದಾಗಿ ಹುಟ್ಟತಾವ. ಕಣ್ಣು, ಕಿವಿಗೂ ತೊಂದರಿ ಆಗಬಹುದು. ಇದಕ್ಕಂತ ಔಷಧ ಇಲ್ಲ. ಸ್ಕ್ಯಾನಿಂಗ್ ಮಾಡಿ ನೋಡ್ಕೊಂತ ಹೋಗೋದು."

ಕುಷ್ಟಗಿಯಿಂದ ಬಂದಿದ್ದ ರೇಖಾಳ ಗಂಡನಿಗೂ ಒಂದು ಮಾತು ಬಂತು. ಈ ರೋಗ ಗಂಡ ಹೆಂಡಿರ ನಡುವೆಯೂ ದಾಟುತ್ತದೆ, ಹೆರಿಗೆ ಆಗೋತನಕ ನಿರೋಧ್ ಬಳಸು, ಇಲ್ಲವೇ ದೂರ ಇರು. ಅಳಿಯ ಗೋಡೆಯ ಕ್ಯಾಲೆಂಡರನ್ನು ಪರೀಕ್ಷೆಗೆ ಕೂತವನ ಹಾಗೆ ಓದತೊಡಗಿದ. (ಮಕ್ಕಳನ್ನು ಹುಟ್ಟಿಸುವಾಗ ಇಲ್ಲದ ನಾಚಿಕೆ ಉಳಿಸುವಾಗ ಎಲ್ಲಿಂದ ಬರುತ್ತದೋ!)

ಅಲ್ಲಿಂದ ಓಣಿಯಲ್ಲಿ ವಿಚಾರಣೆ ಶುರು. ಗ್ರಹಣದ ದಿನ ಹೊರಗೆ ಬಂದಿದ್ದಳೇ? ಸಂಜೆ ಕೂದಲು ಬಿಟ್ಟುಕೊಂಡು ಕೂತಿದ್ದಳೇ? ಪಪ್ಪಾಯಿ ತಿಂದಳೇ? ತಪ್ಪು ಹುಡುಕುವವರೆಲ್ಲ ಹುಡುಗಿಯ ಮೈಯಲ್ಲೇ ಹುಡುಕಿದರು. ಒಬ್ಬರಾದರೂ ನನ್ನ ಬ್ಯಾರಲ್ಲಿಗೆ ಬಗ್ಗಿ ನೋಡಿದರೇ? ನಾನೂ ಬಾಯಿ ಮುಚ್ಚಿಕೊಂಡು ಕೂತೆ. ದೊಡ್ಡ ಬಾಯಿ ಬೇಕಾದಾಗ ಎಷ್ಟು ಸಣ್ಣದಾಗುತ್ತದೆ ನೋಡ್ರಿ.

ಈಗ ರೇಖಾಗೆ ಐದು ತುಂಬಿದೆ. ಎರಡು ಸ್ಕ್ಯಾನಿಂಗ್ ಆಗಿವೆ. ಗಂಡೋ ಹೆಣ್ಣೋ ಅಂತ ಅವಳು ಕೇಳುವುದಿಲ್ಲ (ಕೇಳಿದರೂ ಹೇಳುವಂತಿಲ್ಲ). "ತಲಿ ಅಳತಿ ಸರಿ ಐತೇನ್ರಿ?" ಅನ್ನುವುದೊಂದೇ. ಇಲ್ಲಿತನಕ ಸರಿ ಇದೆ. ಮುಂದಿನದು ಬರುವ ವಾರ. ಅಲ್ಲಿತನಕ ಅವಳಿಗೆ ನಿದ್ದೆಯಿಲ್ಲ.

ಮೊನ್ನೆ ಬೀಗತಿ, ಅಂದರೆ ರೇಖಾಳ ಅತ್ತೆ, ಸೀಮಂತದ ಕುಬುಸ ಮಾಡುವ ಮಾತಿಗೆ ಬಂದರು. ಅಂಗಳದಲ್ಲಿ ಬ್ಯಾರಲ್ಲು, ಹಂಡೆ, ಐದು ಕೊಡ ಬಿಸಿಲಿಗೆ ಬೋರಲು ಬಿದ್ದಿದ್ದವು. ಕುಡಿಯುವ ನೀರಿನ ಒಂದು ಕೊಡ ಮಾತ್ರ ಬಟ್ಟೆ ಕಟ್ಟಿಸಿಕೊಂಡು ಒಳಗಿತ್ತು.

"ಅಯ್ಯ ಶಿವನ! ಬಸುರಿ ಮನ್ಯಾಗ ಕೊಡ ಬೋರಲು ಹಾಕೀರಿ! ಮೊದಲ ನಿಮ್ಮ ಹುಡುಗಿ ಎಲ್ಲಿಂದೋ ಜ್ವರ ಹಚ್ಚಿಕೊಂಡು ಕುಂತಾಳ. ನಮ್ಮ ಕೂಸಿಗೆ ಏನರ ಆದ್ರ?"

ರೇಖಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದಳು. ಇನ್ನು ಸುಮ್ಮನಿರಲು ನನಗಾಗಲಿಲ್ಲ.

"ಆಕಿ ಎಲ್ಲಿಂದೋ ಹಚ್ಚಿಕೊಂಡಿಲ್ಲ, ಬೀಗತಿ. ನಾನ ತುಂಬಿಸಿಟ್ಟ ಕೊಡದಿಂದ ಬಂದೈತಿ. ಬೈಯೋದಿದ್ರ ನನಗ ಬೈರಿ."

ಬೀಗತಿ ಬೋರಲು ಬಿದ್ದ ಕೊಡಗಳ ಕಡೆ ಬೆರಳು ತೋರಿಸಿದರು. ನಾನು ಮುಗಿಸಿದೆ:

"ಈ ಕೊಡ ಏನು, ಸೋಮವಾರ ನಳ ಬಂದ್ರ ತುಂಬತಾವ. ಕೂಸಿನ ತಲಿ ಬೆಳೀಲಿಲ್ಲಂದ್ರ ಯಾವ ನಳಕ್ಕ ಪಾಳಿ ಹಚ್ಚೋಣು?"